33 ವರ್ಷ, ಮೊಣಕಾಲು ಸೋತಿದೆ: ಬ್ಯಾಸ್ಕೆಟ್‌ಬಾಲ್ ಇನ್ನೊಂದು ಸೀಸನ್ ಆಡಲೇ, ಹೆಡ್ ಕೋಚ್ ಆಗಲೇ?

ನಿಮ್ಮ ಪ್ರಶ್ನೆ ಓದುವಾಗಲೇ ನನ್ನ ಎಡ ಮೊಣಕಾಲು ಚುಳ್ ಎಂದಿತು. ಒಂದು ಕೈಯಲ್ಲಿ ಆಟಗಾರನಾಗಿ ಒಂದು ವರ್ಷದ ಒಪ್ಪಂದ, ಇನ್ನೊಂದು ಕೈಯಲ್ಲಿ ಹೆಡ್ ಕೋಚ್ ಕುರ್ಚಿ. ನಮ್ಮ ಕ್ಲಬ್ಬಿನವರು ನನಗೂ ಇವೇ ಎರಡನ್ನು ತೋರಿಸಿದ್ದರು. ನನಗಾಗ 35. 12 ಸೀಸನ್ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವವ, ಆಗಿ ಆಡಿದ್ದೆ. ಅಂಗಳದೊಳಗೆ ಇಷ್ಟು ವರ್ಷ ತಂಡ ನಡೆಸಿದವನಿಗೆ ಬೆಂಚಿನಿಂದ ನಡೆಸುವುದೇನು ಮಹಾ ಅಂದುಕೊಂಡು ಕುರ್ಚಿಯಲ್ಲಿ ಕೂತೆ.

ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಹೋಯಿತು. ಹುಡುಗರಿಗೆ ನನ್ನ ಮೇಲೆ ಭಯಭಕ್ತಿ. ಪಿಕ್ ಅಂಡ್ ರೋಲ್‌ನಲ್ಲಿ ಸ್ಕ್ರೀನಿನ (ಎದುರಾಳಿಗೆ ಅಡ್ಡ ನಿಂತ ನಮ್ಮವನ) ಪಕ್ಕ ಭುಜ ತಾಗಿಸಿಕೊಂಡು ಹೇಗೆ ನುಗ್ಗಬೇಕು ಎಂದು ನಾನೇ ಕುಂಟುತ್ತಾ ಆಡಿ ತೋರಿಸುತ್ತಿದ್ದೆ. ತೋರಿಸಿದರೆ ಕಲಿಸಿದ ಹಾಗೆ ಎಂದೇ ನಂಬಿದ್ದೆ. ಸೆಮಿಫೈನಲ್‌ವರೆಗೂ ಬಂದೆವು.

ಇನ್ನು ಮುಂದಿನದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಸಹಿಸಿಕೊಳ್ಳಿ. ಮನೆಯವರಿಗೆ ಹತ್ತು ಸಲ ವಿವರಿಸಿದ್ದೇನೆ, ಅವರಿಗೆ ತಲೆಗೆ ಹೋಗಿಲ್ಲ. ನಿಮಗೆ ಹೋಗುತ್ತದೆ.

ನಾಲ್ಕನೇ ಕ್ವಾರ್ಟರ್. ಎದುರಾಳಿಗಳು ಬ್ಯಾಸ್ಕೆಟ್ ಹಾಕಿ ಸ್ಕೋರ್ ಸಮ ಮಾಡಿದರು. ಉಳಿದದ್ದು 22 ಸೆಕೆಂಡು. ಟೈಮ್‌ಔಟ್ ತೆಗೆದುಕೊಂಡೆ. ಕೊನೆಯ ಎರಡು ನಿಮಿಷದಲ್ಲಿ ಹೀಗೆ ತೆಗೆದುಕೊಂಡರೆ ಥ್ರೋ-ಇನ್ (ಗೆರೆಯ ಹೊರಗಿನಿಂದ ಚೆಂಡು ಒಳಗೆ ಹಾಕುವುದು) ನಮ್ಮ ಅರ್ಧದಿಂದಲೋ ಅವರ ಅರ್ಧದಿಂದಲೋ ಎಂದು ರೆಫರಿ ಕೋಚನ್ನೇ ಕೇಳುತ್ತಾರೆ. "ಮುಂದಿನಿಂದ", ಅಂದರೆ ಅವರ ಅರ್ಧದಿಂದ, ಅಂದುಬಿಟ್ಟೆ. ಅವರು ಅಂಗಳದ ತುಂಬ ಪ್ರೆಸ್ ಮಾಡುತ್ತಿದ್ದಾಗ 28 ಮೀಟರ್ ಚೆಂಡು ದಾಟಿಸುವ ಕಷ್ಟ ಯಾಕೆ ಅಂತ. ಉತ್ತರ ಕೊಡಲು ಒಂದು ಸೆಕೆಂಡೂ ಹಿಡಿಯಲಿಲ್ಲ.

ಕೆಟ್ಟದ್ದು ಅಲ್ಲೇ. ಹಿಂದಿನಿಂದ ಹಾಕಿದ್ದರೆ ಶಾಟ್ ಕ್ಲಾಕ್, ಅಂದರೆ ಶಾಟ್ ಹೊಡೆಯಲು ಸಿಗುವ ಸಮಯ, 24 ಸೆಕೆಂಡು. ಪಂದ್ಯದಲ್ಲೇ ಉಳಿದಿರುವುದು 22, ಹಾಗಾಗಿ ಶಾಟ್ ಕ್ಲಾಕಿನ ಚಿಂತೆಯೇ ಇಲ್ಲ, ಕೊನೆಯ ಶಾಟ್ ನಮ್ಮದೇ. ಮುಂದಿನಿಂದ ಹಾಕಿದರೆ, 2018ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಫಿಬಾ ತಂದ ಬದಲಾವಣೆಯ ಪ್ರಕಾರ, ಶಾಟ್ ಕ್ಲಾಕ್‌ನಲ್ಲಿ ಸಿಗುವುದು 14 ಮಾತ್ರ. 22ರಲ್ಲಿ 14 ಹೋದರೆ 8. ಎರಡನೇ ಕ್ಲಾಸಿನ ಲೆಕ್ಕ. ನಾನು ಆಡುತ್ತಿದ್ದಾಗ ಆ ನಿಯಮ ಇರಲಿಲ್ಲ. ಸೀಸನ್ ಶುರುವಿಗೆ ರೆಫರಿಗಳು ನಿಯಮ ವಿವರಿಸುವ ಸಭೆಗೆ ಅಸಿಸ್ಟೆಂಟನ್ನು ಕಳಿಸಿ ನಾನು ಫಿಸಿಯೋ ಹತ್ತಿರ ಹೋಗಿದ್ದೆ. ಹಾಗಂತ ಗೊತ್ತೇ ಇರಲಿಲ್ಲ ಅಂತಲ್ಲ, ಆಮೇಲೆ ಕಾಗದದಲ್ಲಿ ಓದಿದ್ದೆ. ಆ ಸೀಸನ್ನಿನಲ್ಲಿ ಎರಡು ಸಲ ಮುಂದಿನಿಂದಲೇ ಚೆಂಡು ತೆಗೆದುಕೊಂಡೂ ಇದ್ದೆವು. ಆದರೆ ಆಗ ಸ್ಕೋರಿನಲ್ಲಿ ಹಿಂದಿದ್ದೆವು, ಐದಾರು ಸೆಕೆಂಡಿನಲ್ಲೇ ಶಾಟ್ ಹೊಡೆದಿದ್ದೆವು, 14ರ ಬಿಸಿ ತಟ್ಟಿರಲಿಲ್ಲ. 22 ಸೆಕೆಂಡು ಎಂದು ಕಂಡ ಕೂಡಲೇ ನನ್ನ ಮೈ 24ರ ಹಳೆಯ ಲೆಕ್ಕವನ್ನೇ ಹಾಕಿತು. 12 ವರ್ಷ ನನಗೆ ಅನ್ನ ಹಾಕಿದ್ದ ಅಭ್ಯಾಸ ಅದು.

ಬೋರ್ಡ್ ತೆಗೆದು 21 ವರ್ಷದ ಗಾರ್ಡಿಗೆ ಹೇಳಿದೆ: "ಚೆಂಡು ನಿನ್ನ ಕೈಲೇ ಇರಲಿ. ಏಳು ಸೆಕೆಂಡು ಇದ್ದಾಗ ನುಗ್ಗು. ಅದಕ್ಕೂ ಮೊದಲು ಕದಲಬೇಡ." ಪಕ್ಕದಲ್ಲಿ ಅಸಿಸ್ಟೆಂಟ್ ನನ್ನ ತೋಳು ಹಿಡಿದು "ಹದಿನಾಲ್ಕು, ಹದಿನಾಲ್ಕು" ಅನ್ನುತ್ತಿದ್ದ. ಎದುರಾಳಿಗಳ 14ನೇ ನಂಬರಿನವನು ಅವರ ಅತ್ಯುತ್ತಮ ಡಿಫೆಂಡರ್. "ಗೊತ್ತು ಮಾರಾಯ, ಅವನನ್ನು ಸ್ಕ್ರೀನಿಗೆ ಸಿಕ್ಕಿಸೋಣ" ಅಂದು ಕೈ ಕೊಡವಿದೆ. (ಈಗ ಹೇಳುವಾಗ ನಗು ಬರುತ್ತದೆ. ಆ ರಾತ್ರಿ ಬರಲಿಲ್ಲ.)

ಹುಡುಗ ಹೇಳಿದ ಹಾಗೇ ಚೆಂಡು ಕುಟ್ಟುತ್ತಾ ನಿಂತ. ಹತ್ತು ಸೆಕೆಂಡು ಇದ್ದಾಗ ಒಮ್ಮೆ ನನ್ನ ಕಡೆ ನೋಡಿದ. ಅಂಗೈ ಕೆಳಗೆ ಮಾಡಿ "ತಡಿ" ಎಂದು ಸನ್ನೆ ಮಾಡಿದೆ. ಎಂಟಕ್ಕೆ ಹಾರ್ನ್. ಶಾಟ್ ಕ್ಲಾಕ್ ವಯಲೇಶನ್, ಚೆಂಡು ಅವರ ಪಾಲು. ಎದುರಾಳಿ ಕೋಚ್ ತನ್ನ ಕೊನೆಯ ಟೈಮ್‌ಔಟ್ ತೆಗೆದು, ಅದೇ ನಿಯಮದಲ್ಲಿ ಚೆಂಡು ಮುಂದಕ್ಕೆ ತರಿಸಿಕೊಂಡು, ಒಂದು ಲೇಅಪ್‌ನಲ್ಲಿ ನಮ್ಮ ಕಥೆ ಮುಗಿಸಿದ.

ಡ್ರೆಸಿಂಗ್ ರೂಮಿನಲ್ಲಿ ಎಲ್ಲರ ಎದುರು ಆ ಹುಡುಗನನ್ನು ಕೇಳಿದೆ, "ಬೋರ್ಡಿನ ಮೇಲಿನ ಗಡಿಯಾರ ಕಾಣಿಸಲಿಲ್ವಾ?" "ಕಾಣಿಸ್ತು. ನೀವು ಏಳು ಅಂದಿದ್ರಿ" ಅಂದ. ಮುಂದಿನ ಸೀಸನ್ ಅವನೂ ಆ ತಂಡದಲ್ಲಿರಲಿಲ್ಲ, ನಾನೂ ಇರಲಿಲ್ಲ.

ಒಳ್ಳೆಯ ಆಟಗಾರ ಒಳ್ಳೆಯ ಕೋಚ್ ಆಗುತ್ತಾನಾ ಎಂದು ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಡಿ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಆಡಿದ ಮ್ಯಾಜಿಕ್ ಜಾನ್ಸನ್‌ಗಿಂತ ಆಟ ತಿಳಿದವರು ಯಾರಿದ್ದರು? 1994ರಲ್ಲಿ ಅಲ್ಲಿನ ಲೇಕರ್ಸ್ ತಂಡದ ಕೋಚ್ ಆಗಿ 16 ಪಂದ್ಯದಲ್ಲಿ ಗೆದ್ದದ್ದು 5, ಅಷ್ಟಕ್ಕೇ ಸಾಕು ಅಂದರು. ಅದೇ ಲೀಗ್‌ನ ಪಾಯಿಂಟ್ ಗಾರ್ಡ್ ಜೇಸನ್ ಕಿಡ್ 2013ರ ಜೂನ್‌ನಲ್ಲಿ ಆಟ ಬಿಟ್ಟು ಅದೇ ತಿಂಗಳು ನೆಟ್ಸ್ ತಂಡದ ಹೆಡ್ ಕೋಚ್ ಆದರು. ನವೆಂಬರ್‌ನಲ್ಲಿ ಒಂದು ಪಂದ್ಯದ ಕೊನೆಗೆ ಟೈಮ್‌ಔಟ್ ಖಾಲಿಯಾಗಿ, ಅಂಗಳದ ಮೇಲೆ ಬೇಕೆಂದೇ ಪಾನೀಯ ಚೆಲ್ಲಿ ಸಮಯ ಗಿಟ್ಟಿಸಿದರು, 50,000 ಡಾಲರ್ ದಂಡ ಕಟ್ಟಿದರು. ಆ ಸುದ್ದಿಗೆ ನಾನೂ ಆಗ ಎಲ್ಲರಂತೆ ನಕ್ಕಿದ್ದೆ! ಅದೇ ಕಿಡ್ ಮುಂದೆ ಲೇಕರ್ಸ್‌ನಲ್ಲಿ ಅಸಿಸ್ಟೆಂಟ್ ಆಗಿ ಕೂತು 2020ರ ಪ್ರಶಸ್ತಿ ಕಂಡರು, ಡಲ್ಲಾಸ್ ತಂಡವನ್ನು 2024ರ ಫೈನಲ್ಸ್‌ಗೆ ಒಯ್ದರು. ಇನ್ನೊಂದು ಕಡೆ ಎರಿಕ್ ಸ್ಪೋಲ್‌ಸ್ಟ್ರಾ. ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. 1995ರಲ್ಲಿ ಮಯಾಮಿ ಹೀಟ್‌ನ ವಿಡಿಯೋ ಕೋಣೆ ಸೇರಿದವರು ಹೆಡ್ ಕೋಚ್ ಆದದ್ದು 2008ರಲ್ಲಿ.

ಹಾಗಾಗಿ ನಿಮ್ಮ ಎರಡು ಆಯ್ಕೆಯಲ್ಲಿ ಎರಡೂ ಬೇಡ ಅನ್ನುತ್ತೇನೆ. ಅಸಿಸ್ಟೆಂಟ್ ಕೆಲಸ ಕೇಳಿ, ಅದೂ ಬೇರೆ ಕ್ಲಬ್ಬಿನಲ್ಲಿ. ನಿನ್ನೆ ಪಕ್ಕದಲ್ಲಿ ಕೂತು ಕೋಚನ್ನು ಬೈದವರನ್ನೇ ಇವತ್ತು ಬೆಂಚಿಗೆ ಕೂರಿಸುವುದು ಹೇಗಿರುತ್ತದೆ ಎಂದು ನಾನು ನೋಡಿದ್ದೇನೆ. ಸಂಬಳ ಕಡಿಮೆಯಾಗುತ್ತದೆ, ನಿಜ. ನಿಮ್ಮ ಹೆಸರು ಕೂಗುವವರೂ ಇರುವುದಿಲ್ಲ. ನಾನು ಎರಡು ವರ್ಷ ವಿಡಿಯೋ ಕತ್ತರಿಸಿದೆ, ಚೆಂಡು ಹೆಕ್ಕಿದೆ, ನನಗಿಂತ ಒಂಬತ್ತು ವರ್ಷ ಚಿಕ್ಕವನಾದ ಹೆಡ್ ಕೋಚ್‌ಗೆ ಟೈಮ್‌ಔಟ್‌ನಲ್ಲಿ ಶಾಟ್ ಕ್ಲಾಕ್ ಎಷ್ಟು, ಫೌಲ್ ಎಷ್ಟು ಎಂದು ಕಿವಿಯಲ್ಲಿ ಹೇಳುತ್ತಿದ್ದೆ. ಬರೀ "ಹದಿನಾಲ್ಕು" ಅನ್ನುತ್ತಿರಲಿಲ್ಲ. "ಶಾಟ್ ಕ್ಲಾಕ್ ಹದಿನಾಲ್ಕು" ಅನ್ನುತ್ತಿದ್ದೆ.

ಕ್ಲಬ್ಬಿಗೆ ಉತ್ತರ ಕೊಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮದಲ್ಲದ ಯಾವುದಾದರೂ ಪಂದ್ಯದ ವಿಡಿಯೋ ತೆಗೆದು, ಮೊದಲ ಕ್ವಾರ್ಟರ್‌ನಲ್ಲಿ ಚೆಂಡು ಕೈಲಿಲ್ಲದ ನಾಲ್ವರು ಎಲ್ಲಿ ನಿಂತಿದ್ದಾರೆ ಎಂದು ಪ್ರತಿ ಪೊಸೆಶನ್‌ಗೂ (ಚೆಂಡು ಒಂದು ತಂಡದ ಕೈಲಿರುವ ಪ್ರತಿ ಸರದಿಗೂ) ಬರೆಯಿರಿ. ಹತ್ತು ನಿಮಿಷದ ಆಟಕ್ಕೆ ನನಗೆ ಮೊದಲ ಸಲ ಎರಡು ಗಂಟೆ ಹಿಡಿದಿತ್ತು. ಅರ್ಧಕ್ಕೇ ಆಕಳಿಕೆ ಬಂದರೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಆ ಒಂದು ವರ್ಷದ ಒಪ್ಪಂದಕ್ಕೇ ಸಹಿ ಹಾಕಿ.