ಗುರ್ಜಿ ಯಾವ ಓಣಿಗೆ ಬರುವುದಿಲ್ಲ?

ಹಾವೇರಿ ತಾಲ್ಲೂಕಿನ ಬಿ.ಎ. ವಿದ್ಯಾರ್ಥಿನಿಯೊಬ್ಬರ ಪತ್ರ: "ಸಮಾಜಶಾಸ್ತ್ರದ ಮೂರು ದೃಷ್ಟಿಕೋನಗಳನ್ನು ಬಾಯಿಪಾಠ ಮಾಡಿದ್ದೇನೆ. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ಹಾಗಾದರೆ ಸರಿ ಯಾವುದು? ಮಳೆ ಕೈಕೊಟ್ಟಾಗ ನಮ್ಮೂರಲ್ಲಿ ಮಳೆರಾಯನನ್ನು ಕರೆಯಲು ಗುರ್ಜಿ ಆಡಿದರು. ಮೂಢನಂಬಿಕೆ ಅಂದೆ. 'ಹಿಂದಿನವರು ಸುಮ್ನೆ ಮಾಡಿಲ್ಲ' ಅಂತ ಅಜ್ಜಿ ಬೈದರು. ನನ್ನ ಪುಸ್ತಕ ಇದಕ್ಕೆ ಏನು ಹೇಳುತ್ತದೆ?"

ಸಂಪಾದಕರ ಉತ್ತರ:

ತಂಗಿ, ಅಜ್ಜಿ ಬೈದ ಆ ಒಂದು ಮಾತೇ ನಿಮ್ಮ ಮೊದಲನೇ ದೃಷ್ಟಿಕೋನ. ಪುಸ್ತಕದವರು ಅದನ್ನು ಫಂಕ್ಷನಲಿಸಂ ಅಂತಾರೆ. ಒಂದು ಪದ್ಧತಿ ಇಷ್ಟು ಕಾಲ ಉಳಿದಿದೆ ಅಂದರೆ ಅದರಿಂದ ಜನಕ್ಕೆ ಏನೋ ಕೆಲಸ ಆಗುತ್ತಿರಬೇಕು ಅನ್ನುವುದು ಅದರ ಲೆಕ್ಕ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1949ರಲ್ಲಿ ಇದನ್ನು ವಿವರಿಸುವಾಗ ಹಿಡಿದದ್ದೂ ಮಳೆಯ ಉದಾಹರಣೆಯನ್ನೇ. ಅಲ್ಲಿನ ಮೂಲನಿವಾಸಿಗಳಾದ ಹೋಪಿ ಬುಡಕಟ್ಟಿನವರು ಮಳೆಗಾಗಿ ಮಾಡುವ ಆಚರಣೆ ಅದು. ಮಳೆ ಬರಲಿ ಅನ್ನುವುದು ಎಲ್ಲರಿಗೂ ಕಾಣುವ ಉದ್ದೇಶ. ಚದುರಿದ ಜನ ಕೂಡಿ, ನಾವೆಲ್ಲ ಒಂದು ಅಂತ ಗಟ್ಟಿಯಾಗುವುದು ಕಣ್ಣಿಗೆ ಕಾಣದ ಕೆಲಸ. ಮೋಡ ಬರದಿದ್ದರೂ ಈ ಎರಡನೆಯದು ಆಗಿಯೇ ಆಗುತ್ತದೆ.

ನಮ್ಮ ಗುರ್ಜಿಯೂ ಹಾಗೇ ಅಲ್ವಾ? ರೊಟ್ಟಿ ಹಂಚನ್ನು ಬೋರಲು ಹಾಕಿ, ಸಗಣಿಯ ಗುರ್ಜಿ ಗೊಂಬೆ ಕೂರಿಸಿ, ಗರಿಕೆ ಚುಚ್ಚಿ, ಹುಡುಗನ ತಲೆಯ ಮೇಲೆ ಇಡುತ್ತಾರೆ. ಮನೆಮನೆ ಮುಂದೆ ತಂಬಿಗೆ ನೀರು ಸುರಿಯುತ್ತಾರೆ. ಜೋಳ, ಹಿಟ್ಟು ಕೊಡುತ್ತಾರೆ. ಕೊನೆಗೆ ಅದನ್ನೇ ಬೇಯಿಸಿ ಕೂಡಿ ಉಣ್ಣುತ್ತಾರೆ. ಬಿತ್ತಿದ ಬೀಜ ಕಮರುವ ಹೊತ್ತಿಗೆ ಒಬ್ಬೊಬ್ಬರೇ ಕೂತು ಹೆದರುವುದಕ್ಕಿಂತ ಇದು ವಾಸಿ. ಚಿಕ್ಕವನಿದ್ದಾಗ ನಾನೂ ಆ ಹಂಚು ಹೊತ್ತಿದ್ದೇನೆ. ಮಳೆ ಬಂತೋ ಇಲ್ಲವೋ ಮರೆತಿದೆ. ಸಗಣಿನೀರು ಕಣ್ಣಿಗೆ ಇಳಿದು ಉರಿದದ್ದು ಮರೆತಿಲ್ಲ.

ಆದರೆ ನನಗೆ ಈ ದೃಷ್ಟಿಕೋನದ ಮೇಲೆ ಅನುಮಾನ ಜಾಸ್ತಿ. ನಮ್ಮ ಕಡೆ ಏನನ್ನು ಪ್ರಶ್ನಿಸಿದರೂ 'ಹಿಂದಿನವರು ಸುಮ್ನೆ ಮಾಡಿಲ್ಲ' ಅಂತ ಬಾಯಿ ಮುಚ್ಚಿಸುತ್ತಾರೆ. ಮುಟ್ಟು, ಮಡಿ, ಬೇರೆ ಲೋಟ, ಎಲ್ಲಕ್ಕೂ ಇದೇ ಮಾತು. ಕೆಲಸ ಆಗುತ್ತದೆ ಸರಿ, ಯಾರ ಕೆಲಸ?

ಹಾಗೆ ಕೇಳಿದಿರೋ, ಮಾರ್ಕ್ಸ್‌ನಿಂದ ಬಂದ ಸಂಘರ್ಷ ದೃಷ್ಟಿಕೋನಕ್ಕೆ ಕಾಲಿಟ್ಟ ಹಾಗೆ. ಊರೆಲ್ಲ ಒಂದು ಅನ್ನುತ್ತೀರಲ್ಲ, ಗುರ್ಜಿ ಎಲ್ಲ ಓಣಿಗೂ ಹೋಯಿತೇ? ಯಾವ ಮನೆಯ ಜೋಳ ಚೀಲಕ್ಕೆ ಬಿತ್ತು, ಯಾವ ಮನೆಯದನ್ನು ಕೇಳಲೇ ಇಲ್ಲ? ಬೋರ್‌ವೆಲ್ ಇದ್ದವನಿಗೂ ಒಣಭೂಮಿಯನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡಿದವನಿಗೂ ಮಳೆಯ ಚಿಂತೆ ಒಂದೇ ಆಗಿತ್ತೇ?

ಮೂರನೆಯದರ ಹೆಸರೇ ಹೆದರಿಸುತ್ತದೆ: ಸಾಂಕೇತಿಕ ಅಂತರಕ್ರಿಯಾವಾದ. ಹರ್ಬರ್ಟ್ ಬ್ಲೂಮರ್ 1937ರಲ್ಲಿ ಇಟ್ಟ ಹೆಸರಿನ ಕನ್ನಡ ಇದು. ಹೆಸರು ಬಿಡಿ, ವಿಷಯ ಸರಳ. ಜನ ಒಂದಕ್ಕೆ ಕೊಡುವ ಅರ್ಥ ನೋಡಿ ನಡೆದುಕೊಳ್ಳುತ್ತಾರೆ. ನಿನ್ನೆ 'ದೂರ ಸರಿಯೋ' ಅನ್ನಿಸಿಕೊಂಡ ಹುಡುಗ ಹಂಚು ಹೊತ್ತ ಕೂಡಲೇ ದೇವರಾಗುತ್ತಾನೆ. ಹಂಚು ಇಳಿಸಿದ ಮೇಲೆ? ಉಳ್ಳಾಗಡ್ಡಿ ಪೇಟೆಯನ್ನೂ ಹೀಗೇ ನೋಡಬಹುದು. ನಾಳೆ ರೇಟು ಬೀಳುತ್ತದಂತೆ ಅಂತ ಸುದ್ದಿ ಹಬ್ಬಿದರೆ ಎಲ್ಲರೂ ಇವತ್ತೇ ಗಾಡಿ ಹೂಡುತ್ತಾರೆ. ಮಾಲು ತುಂಬಿ ರೇಟು ನಿಜವಾಗಿಯೂ ಬೀಳುತ್ತದೆ. ಸುದ್ದಿ ಸುಳ್ಳಾಗಿತ್ತು, ಪೆಟ್ಟು ಖರೆ.

ಹಾಗಾಗಿ ಯಾವುದು ಸರಿ ಅನ್ನುವ ಪ್ರಶ್ನೆ ಬಿಡಿ. ಯಾವ ಕಟ್ಟೆಯ ಮೇಲೆ ಕೂತು ಊರು ನೋಡುತ್ತಿದ್ದೀರಿ ಅನ್ನುವುದನ್ನು ಕೇಳಿಕೊಳ್ಳಿ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ಜನಬಲ, ಭೂಮಿ, ಅಧಿಕಾರದಿಂದ ಊರನ್ನು ಆಳುವ ಜಾತಿಗೆ 'ಪ್ರಬಲ ಜಾತಿ' ಅನ್ನುವ ಮಾತನ್ನು ನಮಗೆ ಕೊಟ್ಟವರು ಅವರೇ. ಅವರು ಉಳಿದದ್ದು ಊರಗೌಡರ ಆಸರೆಯಲ್ಲಿ. ಅದರಿಂದ ದಲಿತರ ಬದುಕಿನ ಹತ್ತಿರ ಹೋಗಲು ಆಗಲಿಲ್ಲ ಅಂತ ಮುಂದೆ ತಾವೇ ಒಪ್ಪಿಕೊಂಡರು. ಅಷ್ಟು ದೊಡ್ಡವರಿಗೇ ಹಾಗಾಯಿತು.

ಪರೀಕ್ಷೆಗೆ ಮೂರನ್ನೂ ಬರೆಯಿರಿ, ಅಂಕ ಬೇಕಲ್ಲ. ನಮಗೆ ಬೇರೆಯದು ಬೇಕು. ಮುಂದಿನ ಸಲ ಗುರ್ಜಿ ಹೊರಟಾಗ ಹಿಂದೆ ನಡೆಯಿರಿ, ಎಲ್ಲಿ ತಿರುಗಿ ವಾಪಸ್ ಬಂತು ನೋಡಿ. ಆ ತಿರುವಿನ ಆಚೆ ಮನೆಯವರನ್ನೂ ಮಾತಾಡಿಸಿ. ಎರಡು ಪುಟ ಬರೆದು ಕಳಿಸಿ. ಅಜ್ಜಿಯ ಬೈಗುಳವನ್ನೂ ಸೇರಿಸಿ.