‘ಹೊಂದುವುದಿಲ್ಲ’ ಎಂಬ ಮಾತಿಗೆ ಅಂಕವಿಲ್ಲ

ಅಧ್ಯಾಪಕರ ಆಯ್ಕೆ ಸಮಿತಿಗೆ ಮೊದಲ ಸಲ ಸೇರಿದ್ದೇನೆ, ಅಭ್ಯರ್ಥಿಯ ಧರ್ಮ, ರಾಜಕೀಯ ನಿಲುವು ತೀರ್ಮಾನದೊಳಗೆ ನುಸುಳದಂತೆ ಏನು ಮಾಡಲಿ ಎಂದು ಕೇಳಿದ್ದೀರಿ. ಅರ್ಜಿ ತೆರೆಯುವ ಮೊದಲೇ ಮಾನದಂಡಗಳನ್ನೂ ಅವುಗಳ ತೂಕವನ್ನೂ ಬರೆದು ಎಲ್ಲರ ಸಹಿ ಹಾಕಿಸಿ: ಸಂಶೋಧನೆಗೆ 40, ಬೋಧನೆಗೆ 35, ಮುಂದಿನ ಯೋಜನೆಗೆ 25, ಹೀಗೆ. ಇದೊಂದನ್ನು ಮಾತ್ರ ಬಿಡಬೇಡಿ. ಮನೋವಿಜ್ಞಾನಿಗಳಾದ ಉಲ್ಮನ್ ಮತ್ತು ಕೋಹೆನ್ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳು ಲಿಂಗ ತಾರತಮ್ಯದ ಬಗ್ಗೆ ಇದ್ದರೂ ಇಲ್ಲಿಗೂ ಪಾಠವಿದೆ. ತಮಗೆ ಒಪ್ಪುವ ಅಭ್ಯರ್ಥಿಯಲ್ಲಿ ಯಾವ ಗುಣವಿದೆಯೋ ಅದನ್ನೇ ಜನ ‘ಮುಖ್ಯ ಅರ್ಹತೆ’ ಮಾಡಿಬಿಡುತ್ತಿದ್ದರು. ಮಾನದಂಡಕ್ಕೆ ಮೊದಲೇ ಬದ್ಧರಾದಾಗ ಆ ಪಕ್ಷಪಾತ ಕಾಣಲಿಲ್ಲ.

ಹೆಸರು ಮುಚ್ಚಿದರೆ ಸಾಲದು. ಸ್ವಯಂಸೇವೆ, ಸಂಘಟನೆಯ ಸದಸ್ಯತ್ವ, ಪ್ರಶಸ್ತಿ ಕೊಟ್ಟ ಸಂಸ್ಥೆ ಎಲ್ಲವೂ ಗುಟ್ಟು ಬಿಟ್ಟುಕೊಡುತ್ತವೆ. ಈ ಆಯ್ಕೆಯಲ್ಲಿ ಮತ ಹಾಕದ ಒಬ್ಬರು ಮೊದಲ ಸುತ್ತಿಗೆ ಆ ಸಾಲುಗಳನ್ನು ಮುಚ್ಚಲಿ. ಅಂಕಗಳನ್ನು ಸಭೆಗೆ ಮೊದಲೇ ಪ್ರತ್ಯೇಕವಾಗಿ ಕೊಡಿ, ಹಿರಿಯರು ಕೊನೆಗೆ ಮಾತಾಡಲಿ. ಫೇಸ್‌ಬುಕ್ ಜಾಲಾಡುವುದು ಬೇಡವೇ ಬೇಡ.

ಕಷ್ಟ ಬರುವುದು ಸಂಶೋಧನೆಯ ವಿಷಯವೇ ಧರ್ಮ ಅಥವಾ ರಾಜಕೀಯವಾದಾಗ, ಅಲ್ಲಿ ಮುಚ್ಚಲಾಗದು. ಆಗ ಹೀಗೆ ಕೇಳಿಕೊಳ್ಳಿ: ಇದೇ ದತ್ತಾಂಶ, ಇದೇ ವಿಧಾನ, ಇಷ್ಟೇ ಶ್ರದ್ಧೆಯಿಂದ ಬರೆದ ಲೇಖನ ಉಲ್ಟಾ ತೀರ್ಮಾನಕ್ಕೆ ಬಂದಿದ್ದರೆ ನಾನು ಎಷ್ಟು ಅಂಕ ಕೊಡುತ್ತಿದ್ದೆ? ಉತ್ತರ ಬೇರೆಯಾದರೆ ಅಂಕ ತಿದ್ದಿ. ಎದುರು ವಾದವನ್ನು ಅಭ್ಯರ್ಥಿ ಅದರ ಬಲವಾದ ರೂಪದಲ್ಲಿ ಎದುರಿಸಿದ್ದಾರೆಯೇ ಎಂದೂ ನೋಡಿ.

ಸಂದರ್ಶನದಲ್ಲಿ ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಊಟದ ಮೇಜಿನ ಹರಟೆಗೆ ಅಂಕವಿಲ್ಲ. ಯಾರಾದರೂ ‘ನಮ್ಮ ವಿಭಾಗಕ್ಕೆ ಹೊಂದುವುದಿಲ್ಲ’ ಎಂದರೆ ‘ಯಾವ ಕೆಲಸಕ್ಕೆ?’ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.