ಅಜ್ಜಿ ಒಳಗಿನಿಂದ ಏನಂದರು?

ನಮಸ್ಕಾರ ಟೀಚರ್,

ನಿಮ್ಮ ‘ಸಹನಾಮಯಿ’ ಕಥೆಯನ್ನು ಎರಡು ಸಲ ಓದಿದೆ. ಭಾಷೆ ಹದವಾಗಿದೆ. ಅರಸೀಕೆರೆ ಕಡೆಯ ಮಾತು ಚೆನ್ನಾಗಿ ಬಂದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಸುಮ್ನೆ ಒಂದು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ಆದರೆ ಆರನೇ ಪುಟ ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಜ್ಜಿಗೆ ತವರಿನಿಂದ ಬಂದ ಎರಡು ಎಕರೆ ಹೊಲ ಮಾರುವ ಮಾತು ನಡೆಯುತ್ತಿದೆ. ಜಗಲಿಯಲ್ಲಿ ತಾತ, ಇಬ್ಬರು ಸೋದರಮಾವಂದಿರು, ಒಬ್ಬ ದಲ್ಲಾಳಿ. ಒಳಗೆ ಅಜ್ಜಿ ರಾಗಿ ಕೇರುತ್ತಿದ್ದಾರೆ. ದಲ್ಲಾಳಿ ರೇಟು ಹೇಳುತ್ತಾನೆ. ಆಗ ನೀವು ಬರೆಯುತ್ತೀರಿ: ‘ಮೊರದ ಸದ್ದು ನಿಂತಿತು.’ ಎಂಥ ಸಾಲು ಟೀಚರ್! ನಾನೂ ಉಸಿರು ಹಿಡಿದು ಕೂತೆ. ಅದರ ಬೆನ್ನಿಗೇ ಇದು: ‘ಅಜ್ಜಿ ಒಳಗಿನಿಂದ ಏನೋ ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ.’

ಏನಂದರು?

ಜಗಲಿಯಲ್ಲಿದ್ದವರು ಕೇಳಿಸಿಕೊಳ್ಳಲಿಲ್ಲ, ಒಪ್ಪುತ್ತೇನೆ. ಆದರೆ ನೀವು ಅಜ್ಜಿಯ ಪಕ್ಕದಲ್ಲೇ ಕೂತು ಕಲ್ಲು ಆರಿಸುತ್ತಿದ್ದಿರಿ ಅಂತ ಅದೇ ಪುಟದ ಮೇಲ್ಗಡೆ ಇದೆ. ಒಂಬತ್ತು ವರ್ಷದ ಹುಡುಗಿಗೆ ಕೇಳಿಸಿರುತ್ತದೆ. ದೊಡ್ಡವಳಾಗಿ, ಪೆನ್ನು ಹಿಡಿದು ಕೂತಾಗ, ನೀವೂ ಜಗಲಿಯವರ ಜೊತೆ ಸೇರಿಕೊಂಡುಬಿಟ್ಟಿರಿ.

ಬೇಜಾರಾಗಿ ಎಣಿಸಿದೆ. ಹದಿನಾಲ್ಕು ಪುಟದಲ್ಲಿ ತಾತ ಇಪ್ಪತ್ತಮೂರು ಸಲ ಮಾತಾಡುತ್ತಾರೆ, ದೊಡ್ಡ ಮಾವ ಹನ್ನೊಂದು ಸಲ. ಒಂದೇ ಪುಟಕ್ಕೆ ಬಂದು ಹೋಗುವ ದಲ್ಲಾಳಿಯೂ ಒಂಬತ್ತು ಸಲ. ಅವನು ಎಲೆಗೆ ಸುಣ್ಣ ಸವರುತ್ತಾ ಹೇಳಿದ್ದನ್ನೂ ನೀವು ಬಿಟ್ಟಿಲ್ಲ. ಅಜ್ಜಿಗೆ ಒಂದೂ ಮಾತಿಲ್ಲ. ‘ಏನೋ ಅಂದರು’, ‘ಗೊಣಗಿದರು’, ‘ಸಮಾಧಾನ ಹೇಳಿದರು’. ಕಥೆ ಅಜ್ಜಿಯದು. ಹೊಲ ಅಜ್ಜಿಯ ಹೆಸರಲ್ಲಿ ಇರುವುದು.

ಏಳನೇ ಪುಟ: ‘ಭೂಮಿತಾಯಿಯಂತೆ ಎಲ್ಲವನ್ನೂ ಸಹಿಸಿಕೊಂಡರು.’ ದಯವಿಟ್ಟು ಇದನ್ನು ಹೊಡೆದು ಹಾಕಿ. ಸಹಿಸಿಕೊಂಡಿದ್ದರೆ ಮೊರ ಯಾಕೆ ನಿಂತಿತು? ಆ ಹೊಲದಲ್ಲಿ ಕಳೆ ಕಿತ್ತ ಕೈ ಅವರದು. ಅವರಿಂದ ಭೂಮಿ ಕಿತ್ತುಕೊಂಡು, ಅವರನ್ನೇ ಭೂಮಿತಾಯಿ ಅಂತ ಕರೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಒಂಬತ್ತನೇ ಪುಟ: ‘ಕಣ್ಣಂಚಿನಲ್ಲಿ ನೀರು ಮಡುಗಟ್ಟಿತ್ತು.’ ಇದು ನಮಗೆ ಬರುವ ಹತ್ತು ಕಥೆಗಳಲ್ಲಿ ನಾಲ್ಕರಲ್ಲಿ ಇರುತ್ತದೆ. ನಿಮ್ಮ ಅಜ್ಜಿ ನಿಜವಾಗಿ ಅತ್ತರಾ?

ಹನ್ನೊಂದನೇ ಪುಟ, ಸಬ್ ರಿಜಿಸ್ಟ್ರಾರ್ ಆಫೀಸು: ‘ಮೌನವಾಗಿ ಹೆಬ್ಬೆಟ್ಟು ಒತ್ತಿದರು.’ ಅಷ್ಟೇನಾ? ಮಸಿ ಎಲ್ಲಿ ಒರೆಸಿಕೊಂಡರು? ಹೆಬ್ಬೆಟ್ಟು ಒತ್ತಿದ ಹೆಂಗಸರು ಮಸಿಯನ್ನು ತಲೆಗೂದಲಿಗೆ ತಿಕ್ಕಿಕೊಂಡು ಹೊರಗೆ ಬರುವುದನ್ನು ನಾನು ನೋಡಿದ್ದೇನೆ. ಗೋಡೆಗೆ ಒರೆಸುವವರೂ ಇದ್ದಾರೆ. ಸೆರಗಿಗೆ ಮಾತ್ರ ಯಾರೂ ಒರೆಸುವುದಿಲ್ಲ, ಕಲೆ ಹೋಗುವುದಿಲ್ಲ ಅಲ್ವಾ. ಆ ಬೆರಳನ್ನು ನೋಡಿ ಬರೆಯಿರಿ. ಮೌನ ಅಂತ ಬೇರೆ ಹೇಳಬೇಕಾಗುವುದಿಲ್ಲ.

ಕಥೆಯ ಜೊತೆ ಇಟ್ಟ ಪತ್ರದಲ್ಲಿ ‘ಇದು ಬರೀ ಅಡುಗೆಮನೆ ಕಥೆ, ದೊಡ್ಡ ವಿಷಯವೇನಲ್ಲ, ವಯಸ್ಸೂ ನಲವತ್ತಮೂರಾಯಿತು’ ಅಂತ ಬರೆದಿದ್ದೀರಿ. ಕ್ಷಮೆ ಕೇಳಿದ ಹಾಗಿದೆ. ‘ಅಡುಗೆಮನೆ ಸಾಹಿತ್ಯ’ ಅನ್ನುವುದು ನಮ್ಮ ಲೇಖಕಿಯರನ್ನು ಹೀಗಳೆಯಲು ಹುಟ್ಟಿದ ಮಾತು. ಅದನ್ನು ನೀವೇ ನಿಮ್ಮ ಕಥೆಗೆ ಯಾಕೆ ಅಂಟಿಸುತ್ತೀರಿ? ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. 1976ರ ‘ಫಣಿಯಮ್ಮ’ ಅವರದೇ ಮನೆತನದ ಒಬ್ಬ ಬಾಲವಿಧವೆಯ ಬದುಕು. ಮನೆಯ ಹೆಂಗಸರು ಬಾಯಿಂದ ಬಾಯಿಗೆ ದಾಟಿಸಿದ್ದನ್ನು ಒಬ್ಬರು ಬರೆದಿಟ್ಟರು, ಅದರಿಂದ ಅದು ನಮ್ಮವರೆಗೂ ಬಂತು. ನಿಮ್ಮದೇ ಹಾಸನ ಜಿಲ್ಲೆಯ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅಲ್ಲಿರುವುದೂ ಮನೆಯೊಳಗಿನ ಹೆಂಗಸರ ಬದುಕೇ.

ಹಾಗಂತ ದಾರಿ ಸಲೀಸು ಅಂತ ಹೇಳುತ್ತಿಲ್ಲ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಒಂದೂ ಹೆಣ್ಣುಮಗಳಿಗೆ ಬಂದಿಲ್ಲ. ನಂಜನಗೂಡು ತಿರುಮಲಾಂಬ, ಅವರೂ ಬಾಲವಿಧವೆ, 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಯಾವುದು ಅಚ್ಚಾಗಬೇಕು, ಯಾವುದು ಬೇಡ ಅಂತ ಹೇಳುವ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತದ್ದು ನನಗೆ ಅವರ ಕಾದಂಬರಿಗಳಷ್ಟೇ ದೊಡ್ಡ ಕೆಲಸ.

ಆ ಕುರ್ಚಿಯ ವಿಷಯ ನನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಹೆಂಗಸರ ಕಥೆ ಅಂದರೆ ಮಹಿಳಾ ಪುಟಕ್ಕೆ, ಹೊಸರುಚಿಯ ಪಕ್ಕಕ್ಕೆ. ಒಂದು ವಾರ ಕೊನೇ ಗಳಿಗೆಯಲ್ಲಿ ಜಾಹೀರಾತು ಬಂತು. ಹನ್ನೊಂದು ಸಾಲು ತೆಗಿ ಅಂದರು. ಆ ವಾರದ ಕಥೆಯಲ್ಲಿ ಅತ್ತಿಗೆ ನಾದಿನಿ ಮಾಳಿಗೆ ಮೇಲೆ ಸಂಡಿಗೆ ಇಡುವ ಭಾಗವಿತ್ತು. ಕಥೆ ಮುಂದೆ ಹೋಗುತ್ತಿಲ್ಲ ಅನ್ನಿಸಿತು. ಕೆಂಪು ಪೆನ್ನಿನಲ್ಲಿ ಒಂದು ಗೀಟು ಎಳೆದೆ. ಎರಡು ನಿಮಿಷದ ಕೆಲಸ.

ಹತ್ತು ದಿನ ಬಿಟ್ಟು ಲೇಖಕಿಯಿಂದ ಒಂದು ಕಾರ್ಡು ಬಂತು. ‘ಕಥೆ ಅಚ್ಚಾದದ್ದು ಸಂತೋಷ. ನನ್ನ ಅತ್ತಿಗೆ ಬಾಯಿ ಬಿಟ್ಟು ಮಾತಾಡುವುದು ಸಂಡಿಗೆ ಇಡುವಾಗ ಮಾತ್ರ. ನೀವು ತೆಗೆದದ್ದು ಅದನ್ನೇ.’ ಸಹಿ ಕೂಡ ಇರಲಿಲ್ಲ. ಮೂಲ ಹಸ್ತಪ್ರತಿ ಅಷ್ಟರಲ್ಲಿ ರದ್ದಿಗೆ ಹೋಗಿತ್ತು. ಆಕೆ ಮತ್ತೆ ನಮಗೆ ಏನೂ ಕಳಿಸಲಿಲ್ಲ. ಆ ಕಾರ್ಡು ಇವತ್ತಿಗೂ ನನ್ನ ಮೇಜಿನ ಡ್ರಾದಲ್ಲಿದೆ. ಆ ಹನ್ನೊಂದು ಸಾಲಲ್ಲಿ ಏನಿತ್ತು ಅಂತ ನೆನಪಿಸಿಕೊಳ್ಳಲು ಎಷ್ಟೋ ಸಲ ಕೂತಿದ್ದೇನೆ. ಒಂದು ಮಾತೂ ನೆನಪಾಗುವುದಿಲ್ಲ.

ನಿಮ್ಮ ಆರನೇ ಪುಟದಲ್ಲಿ ಗೀಟು ಎಳೆದವರು ನೀವೇ ಟೀಚರ್. ಅದಕ್ಕೇ ಇಷ್ಟು ಸಂಕಟವಾಯಿತು.

ಅಜ್ಜಿ ಅಂದದ್ದು ಮರೆತಿದ್ದರೆ ಅವತ್ತು ಒಲೆ ಮುಂದೆ ಇದ್ದ ನಿಮ್ಮ ಅತ್ತೆಯನ್ನು ಕೇಳಿ. ನಾಲ್ಕನೇ ಪುಟದಲ್ಲಿ ಅವರು ರೊಟ್ಟಿ ತಟ್ಟುತ್ತಿದ್ದಾರೆ, ಅವರಿಗೂ ಕೇಳಿಸಿರುತ್ತದೆ. ಬೈಗುಳ ಆಗಿದ್ದರೆ ಬೈಗುಳವನ್ನೇ ಬರೆಯಿರಿ, ನಾನು ಮುಟ್ಟುವುದಿಲ್ಲ. ಇಡೀ ಕಥೆ ಬೇಡ. ಆ ಒಂದು ಪುಟ ತಿದ್ದಿ ಕಳಿಸಿ, ಯುಗಾದಿ ಸಂಚಿಕೆಗೆ ಇನ್ನೂ ಟೈಮ್ ಇದೆ.